ಒಟ್ಟಿಗೆ ದಾಟಿದ ಹೊಸ್ತಿಲು

ನನ್ನ ಹೆಂಡತಿ ಸುನಂದಾಗೆ ಅರಮನೆ ನೋಡಬೇಕು ಅನ್ನಿಸಿದ್ದು ನಮ್ಮ ಮದುವೆಯಾದ ನಾಲ್ಕನೇ ವರ್ಷ, ಅದೂ ಒಂದು ಭಾನುವಾರ ಬೆಳಿಗ್ಗೆ ಹೀರೇಕಾಯಿ ಹೆರೆಯುತ್ತಾ ಕೂತಿದ್ದಾಗ. ಅದುವರೆಗೆ ಅವಳು ಆ ಮಾತು ಎತ್ತಿರಲಿಲ್ಲ, ನಾನಾಗಿ ಕರೆದಿರಲೂ ಇಲ್ಲ. ಆ ಹೊತ್ತಿಗೆ ಒಂಬತ್ತು ವರ್ಷಗಳಿಂದ ದಿನಾ ಏಳೂವರೆಯ ಬಸ್ಸು ಹಿಡಿದು, ನಗರದ ಕಡೆಯ ಬಡಾವಣೆಗಳೂ ಇಟ್ಟಿಗೆ ಗೂಡುಗಳೂ ಮುಗಿದು ಬಯಲು ತೆರೆದುಕೊಳ್ಳುವಲ್ಲಿಂದ ಇನ್ನೂ ಮುಕ್ಕಾಲು ಗಂಟೆ ಕೂತು, ಆ ಅರಮನೆಗೆ ಹೋಗಿ, ಬಂದವರಿಗೆ ಅದನ್ನು ತೋರಿಸುವುದೇ ನನ್ನ ಕೆಲಸವಾಗಿತ್ತು. ಇತಿಹಾಸದಲ್ಲಿ ಎಂ.ಎ. ಮಾಡಿ ಗೈಡ್ ಆದವನು ನಾನು. ದಿನವೆಲ್ಲ ಮಾತಾಡಿ ಮನೆಗೆ ಬಂದವನಿಗೆ ಮಾತು ಬೇಡವಾಗಿರುತ್ತಿತ್ತು. ಸುನಂದಾ ಊಟಕ್ಕೆ ಬಡಿಸಿ ಸುಮ್ಮನೆ ಎದುರಿಗೆ ಕೂರುತ್ತಿದ್ದಳು. ಆ ಮೌನ ನಮ್ಮಿಬ್ಬರದೂ ಎಂದು ನಾನು ತಿಳಿದುಕೊಂಡಿದ್ದೆ. ಅದು ನನ್ನೊಬ್ಬನದಾಗಿತ್ತು, ಅವಳು ಕಾದಿದ್ದಳು ಅಷ್ಟೆ ಎನ್ನುವುದು ನನಗೆ ಗೊತ್ತಾಗಿದ್ದು ತಡವಾಗಿ.

"ರೀ, ನಾನೊಂದ್ಸಲ ನೋಡ್ಬಾರ್ದಾ ನಿಮ್ಮ ಅರಮನೇನ?" ಅಂದಳು. "ಅಲ್ಲಿ ನೋಡೋಂಥದ್ದು ಏನಿದೆ," ಅಂದೆ. "ಏನೂ ಇಲ್ದಿದ್ರೆ ಊರೋರೆಲ್ಲ ಹಬ್ಬದ ಸೀರೆ ಉಟ್ಕೊಂಡು ಬಸ್ಸಲ್ಲಿ ಜೋತಾಡ್ಕೊಂಡು ಯಾಕೆ ಹೋಗ್ತಾರೆ?" ಅಂದು ಹೆರೆದ ಸಿಪ್ಪೆಯನ್ನು ಚಟ್ನಿಗೆಂದು ಒಂದು ಕಡೆ ಎತ್ತಿಟ್ಟಳು.

ಊರವರು ಹೋಗುತ್ತಿದ್ದದ್ದು ನಗಾರಿಗಾಗಿ. ಅರಮನೆಯ ಹೆಬ್ಬಾಗಿಲ ಕಮಾನಿನ ಮೇಲೆ ಗಾಡಿಯ ಚಕ್ರದಷ್ಟು ದೊಡ್ಡ ನಗಾರಿಯೊಂದಿದೆ. ಅದರ ಚರ್ಮ ಒಂದು ಮಗ್ಗುಲಲ್ಲಿ ಹರಿದಿದೆ, ಬಡಿಯುವ ಕೋಲುಗಳು ಯಾವ ಕಾಲದಲ್ಲೋ ಕಳೆದುಹೋಗಿವೆ, ಒಳಗೆ ಗುಬ್ಬಿಗಳು ಸಂಸಾರ ಹೂಡಿವೆ. ದಿನಕ್ಕೆ ನಾನೂರು ಐನೂರು ಜನ ಅದರ ಕೆಳಗೆ ಹೊಸ್ತಿಲು ದಾಟುತ್ತಾರೆ. ತಿಂಗಳಲ್ಲಿ ಒಬ್ಬರೋ ಇಬ್ಬರೋ ಕಾಲಿಟ್ಟಾಗ ಅದು ತಾನಾಗಿ ಮೂರು ಸಲ ಮೊಳಗುತ್ತದೆ. ಕೆಲವರಿಗೆ ಜನ್ಮಕ್ಕೊಂದೇ ಸಲ, ಕೆಲವರಿಗೆ ಮತ್ತೆ ಮತ್ತೆ. ಬಾಗಿಲ ಹೊರಗೆ ಹೂವು ಮಾರುವ ತಾಯಮ್ಮನಿಗೆ ಏಳು ಸಲ ಆಗಿದೆ. ನಗಾರಿ ಮೊಳಗಿದವರ ತಲೆಯ ಮೇಲೆ ಝಾಲರಿಯ ಬಿಳಿ ಛತ್ರಿ ಹಿಡಿಯಬೇಕು. ಜೊತೆಯಲ್ಲಿ ಬಂದ ಹತ್ತಿರದವರು ಯಾರಿದ್ದಾರೋ ಅವರೇ ಹಿಡಿಯಬೇಕು, ಒಂಟಿಯಾಗಿ ಬಂದವರಿಗೆ ಬಾಗಿಲು ಕಾಯುವ ಈರಯ್ಯ ಹಿಡಿಯುತ್ತಾನೆ. ಆಮೇಲೆ ಬೇರೆ ಯಾರಿಗೂ ತೆಗೆಯದ ರಾಣಿವಾಸದ ಉಪ್ಪರಿಗೆಯ ಬೀಗ ತೆಗೆದು ಅವರೊಬ್ಬರನ್ನೇ ಮೇಲೆ ಬಿಡುತ್ತಾರೆ. ಉದ್ಯಾನವನ್ನು ಅದನ್ನು ಮಾಡಿಸಿದವರು ಕಂಡ ಹಾಗೆ ಕಾಣಬಹುದಾದದ್ದು ಅಲ್ಲಿಂದ ಮಾತ್ರ.

ಊರು ಇದಕ್ಕೆ ತಕ್ಕಂತೆ ಬದುಕುವುದನ್ನು ಕಲಿತಿತ್ತು. ನಗಾರಿಯಾದವರಿಗೆ ಬಸ್ಸಿನಲ್ಲಿ ಕಿಟಕಿಯ ಸೀಟು, ಮದುವೆಮನೆಯಲ್ಲಿ ಮೊದಲ ಎಲೆ. ಹೆಸರಿಗೆ ಮೊದಲು ನಗಾರಿ ಎಂದು ಸೇರಿಸಿ ಕರೆಯುತ್ತಿದ್ದರು. ಹೆಣ್ಣು ನೋಡಲು ಹೋದವರು ಜಾತಕ ಕೇಳುವ ಮೊದಲು "ಮನೇಲಿ ಯಾರಿಗಾದ್ರೂ ಆಗಿದ್ಯಾ?" ಎಂದು ಕೇಳುತ್ತಿದ್ದರು. ಕೆಲವರು ಉಪವಾಸವಿದ್ದು ಬರುತ್ತಿದ್ದರು. ಒಬ್ಬಾತ ಕಣ್ಣು ಮುಚ್ಚಿಕೊಂಡು ದಾಟಿದರೆ ಆಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಟಿಕೆಟ್ ಕಿಟಕಿಗೆ ಹಣೆ ಗುದ್ದಿಸಿಕೊಂಡಿದ್ದ. ಗೊಂದಲವಾಗದಿರಲಿ ಎಂದು ಒಬ್ಬೊಬ್ಬರಾಗಿಯೇ ಹೊಸ್ತಿಲು ದಾಟಬೇಕೆಂಬ ಕಟ್ಟಳೆ ಇತ್ತು. ಕೈಗೂಸು ಎತ್ತಿಕೊಂಡ ತಾಯಂದಿರಿಗೆ ಮಾತ್ರ ವಿನಾಯಿತಿ. ಆಗ ಮೊಳಗಿದರೆ ಅದು ಕೂಸಿಗೆ ಎಂದು ಎಲ್ಲರೂ ಒಪ್ಪಿಬಿಡುತ್ತಿದ್ದರು. ಯಾವ ತಾಯಿಯೂ "ಇಲ್ಲ, ನನಗೆ" ಎಂದದ್ದನ್ನು ನಾನು ಕೇಳಿಲ್ಲ.

ಒಂಬತ್ತು ವರ್ಷಗಳಲ್ಲಿ ನಾನು ಆ ಹೊಸ್ತಿಲನ್ನು ಎಷ್ಟು ಸಾವಿರ ಸಲ ದಾಟಿದ್ದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಕಾಲೆತ್ತುವ ಮೊದಲು ಒಂದು ಕ್ಷಣ ಉಸಿರು ಹಿಡಿಯುತ್ತಿದ್ದೆ. ಪ್ರತಿ ಸಲವೂ ಗುಬ್ಬಿಗಳ ಸದ್ದು ಮಾತ್ರ. ಯಾವ ಕಂಬವನ್ನು ಯಾವ ದೊರೆ ನಿಲ್ಲಿಸಿದ, ಯಾವ ಕನ್ನಡಿ ಯಾವ ಮದುವೆಗೆ ಬಂತು, ಕಾಲುವೆಯ ನೀರು ಯಾವ ಕೆರೆಯದು, ಎಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ನಗಾರಿ ಮೊಳಗಿದ್ದು ಯಾರು ಯಾರಿಗೆ? ಶೌಚಾಲಯ ಎಲ್ಲಿದೆ ಎಂದು ಕೇಳಿಕೊಂಡು ಓಡಿಬಂದ ಒಬ್ಬ ಲಾರಿ ಡ್ರೈವರನಿಗೆ. ಅತ್ತೆಯ ಜೊತೆ ಜಗಳವಾಡುತ್ತಲೇ ಒಳಗೆ ಬಂದ ಹೊಸ ಮದುವಣಗಿತ್ತಿಗೆ. ಬಳಪದಿಂದ ಗೋಡೆಯ ಮೇಲೆ ಹೆಸರು ಬರೆದು ನನ್ನಿಂದ ಬೈಸಿಕೊಂಡಿದ್ದ ಮುದುಕರೊಬ್ಬರಿಗೆ. ಪ್ರತಿ ಸಲ ನಾನು ಕೈಮುಗಿದು, ನಗುಮುಖದಿಂದ ಉಪ್ಪರಿಗೆಯ ಮೆಟ್ಟಿಲವರೆಗೆ ದಾರಿ ತೋರಿಸಿ ಕೆಳಗೇ ನಿಲ್ಲುತ್ತಿದ್ದೆ. ಅವರು ಇಳಿದು ಬರುವವರೆಗೆ ಹೊಟ್ಟೆಕಿಚ್ಚಿನಲ್ಲಿ ಆ ಮೆಟ್ಟಿಲುಗಳನ್ನು ಎಣಿಸುತ್ತಿದ್ದೆ. ಮನೆಗೆ ಬಂದು ಇದನ್ನೊಂದು ದಿನವೂ ಸುನಂದಾಗೆ ಹೇಳಿರಲಿಲ್ಲ. ಅವಳಿಗೆ ಗೊತ್ತಿತ್ತು.

ಮರುವಾರ ರಜೆ ಹಾಕಿ ಅವಳನ್ನು ಕರೆದುಕೊಂಡು ಹೋದೆ. ಅವಳು ಎಲ್ಲರಂತೆ ರೇಷ್ಮೆ ಉಡಲಿಲ್ಲ. ತಲೆಗೆ ನೀರು ಹಾಕಿಕೊಂಡಿದ್ದಳು, ಕೂದಲು ಆರಿರಲಿಲ್ಲ, ಕೈಚೀಲದಲ್ಲಿ ಚಿತ್ರಾನ್ನದ ಡಬ್ಬಿ ಇತ್ತು. ಹೊಸ್ತಿಲು ಮೊಣಕಾಲೆತ್ತರ. ಅವಳು ಒಂದು ಕಾಲು ಎತ್ತಿದ್ದೇ ಸೀರೆಯ ನೆರಿಗೆ ಕಲ್ಲಿನ ಮೂಲೆಗೆ ಸಿಕ್ಕಿ ವಾಲಿದಳು. ಹಿಂದೆ ನಿಂತಿದ್ದ ನಾನು ಯೋಚನೆ ಮಾಡದೆ ಅವಳ ತೋಳು ಹಿಡಿದು, ಅವಳನ್ನು ಎತ್ತಿದ ಹಾಗೆ ಮಾಡಿ, ಜೊತೆಗೇ ದಾಟಿಬಿಟ್ಟೆ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಹೊರಗೆ ಕಳಿಸಿ ಮತ್ತೆ ಒಬ್ಬೊಬ್ಬರಾಗಿ ಬನ್ನಿ ಎನ್ನುತ್ತಿದ್ದವನು ನಾನೇ. ನಮ್ಮಿಬ್ಬರ ಕಾಲುಗಳು ಒಟ್ಟಿಗೆ ಒಳಗಿನ ಕಲ್ಲಿನ ಮೇಲೆ ಬಿದ್ದವು. ನಗಾರಿ ಮೊಳಗಿತು.

ಗುಬ್ಬಿಗಳು ಭರ್ರೆಂದು ಎದ್ದವು. ಈರಯ್ಯ ಬೀಡಿ ಎಸೆದು ಓಡಿಬಂದ. "ಮೇಷ್ಟ್ರೇ! ಧರಣೇಂದ್ರಪ್ಪೋರೇ! ಆಯ್ತಲ್ರೀ ಕೊನೆಗೂ! ಒಂಬತ್ತು ವರ್ಷದ ತಪಸ್ಸು!" ಅಂದ. ಟಿಕೆಟ್ ಕಿಟಕಿಯವರೂ, ತೋಟದ ಮಾಲಿಗಳೂ ನನ್ನ ಸುತ್ತ ಸೇರಿದರು. ಅಷ್ಟು ಜನರಲ್ಲಿ ಒಬ್ಬರಿಗೂ ಅದು ಇನ್ನೊಬ್ಬರದಿರಬಹುದು ಎಂದು ಹೊಳೆಯಲಿಲ್ಲ. ನನಗೆ ಹೊಳೆಯಿತು. ಸುನಂದಾಳ ಕಡೆ ತಿರುಗಿದೆ. ಅವಳ ಕೈ ಎದೆಯ ಮೇಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಏನೋ ಹೇಳಲಿದ್ದಳು. ನನ್ನ ಮುಖ ನೋಡಿ ಬಾಯಿ ಮುಚ್ಚಿದಳು. ಆಮೇಲೆ ನಕ್ಕಳು. "ನಿಮಗೇ ರೀ," ಅಂದಳು. "ನಿಮಗಲ್ದೆ ಇನ್ಯಾರಿಗೆ?" ಈರಯ್ಯ ಛತ್ರಿಯನ್ನು ಅವಳ ಕೈಗೆ ಕೊಟ್ಟ. ನನಗಿಂತ ಒಂದು ಗೇಣು ಗಿಡ್ಡಗಿದ್ದ ಅವಳು ಎರಡೂ ಕೈಯಲ್ಲಿ ಅದನ್ನೆತ್ತಿ ಹಿಡಿದು, ಕನ್ನಡಿ ಮಹಲು, ದರ್ಬಾರು, ತೂಗುಮಂಚದ ಕೋಣೆ ಎಲ್ಲದರಲ್ಲಿಯೂ ನನ್ನ ಹಿಂದೆ ನಡೆದಳು. ಯಾವ ಕೋಣೆಯ ಬಗ್ಗೆಯೂ ನಾನು ಅವಳಿಗೆ ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಅವಳಿಗೆ ಕಂಡಿದ್ದು ನನ್ನ ಬೆನ್ನು ಮಾತ್ರ.

ಉಪ್ಪರಿಗೆಯಲ್ಲಿ ಒಂದು ಗಂಟೆ ಕೂತಿದ್ದೆ. ಅಲ್ಲಿ ಎಂಥ ಮೌನವೆಂದರೆ, ನನಗೆ ಬೇಕಿದ್ದದ್ದು ನಗಾರಿಯ ಸದ್ದಲ್ಲ, ಈ ಮೌನ ಅನ್ನಿಸಿತು. ಕೆಳಗೆ ಉದ್ಯಾನ ತಟ್ಟೆಯಲ್ಲಿಟ್ಟ ರಂಗೋಲಿಯ ಹಾಗೆ ಹರಡಿತ್ತು. ನಾನು ಜನರಿಗೆ ಒಂಬತ್ತು ವರ್ಷ ಹೇಳಿಕೊಂಡು ಬಂದಿದ್ದ ಎಂಟು ದಳದ ತಾವರೆ ಅಲ್ಲಿರಲಿಲ್ಲ, ಆರೇ ದಳವಿತ್ತು. ಮರುದಿನದಿಂದಲೂ ಎಂಟು ಎಂದೇ ಹೇಳಿದೆ, ಅದು ಬೇರೆ ಮಾತು. ಕಾಲುವೆಯ ಪಕ್ಕ ಸಂಪಿಗೆ ಮರದ ಕೆಳಗೆ ಸುನಂದಾ ಮಡಚಿದ ಛತ್ರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಒಂದು ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗಲೂ ಹಾಗೆಯೇ ಕೂತಿದ್ದಳು. "ಹಲ್ಲು ನೋವಾ?" ಎಂದೆ. "ಏನೋ ಒಂಥರಾ, ಹೋಗತ್ತೆ ಬಿಡಿ," ಅಂದಳು.

ಮುಂದಿನ ಕೆಲವು ತಿಂಗಳು ನಾನು ಊರಿನಲ್ಲಿ ನಗಾರಿ ಧರಣೇಂದ್ರನಾಗಿ ಓಡಾಡಿದೆ. ಅರಮನೆಯ ಆಡಳಿತದವರು, ನಗಾರಿಯಾದ ಗೈಡ್ ನಮ್ಮಲ್ಲೇ ಇರುವಾಗ ಅವನನ್ನು ಬಸ್ಸಿನಲ್ಲಿ ಅಲೆದಾಡಿಸಬಾರದೆಂದು, ಹೆಬ್ಬಾಗಿಲಿನ ಎದುರು ಸಾಲಿನಲ್ಲಿ ಒಂದು ಮನೆ ಕೊಟ್ಟರು. ಹಿಂದೆ ಗುಂಪಿನ ಬಾಲದಲ್ಲಿ ನಿಂತು ಆಕಳಿಸುತ್ತಿದ್ದವರು ಈಗ ನನ್ನ ಮಾತನ್ನು ಬರೆದುಕೊಳ್ಳುತ್ತಿದ್ದರು. ಆದರೆ ನಾನು ದಿನಾ ಹೊಸ್ತಿಲು ದಾಟುತ್ತಲೇ ಇದ್ದೆ, ನಗಾರಿ ಮತ್ತೆ ಮೊಳಗಲಿಲ್ಲ. ಒಂದು ಸಲವೇ ಆಗುವವರೇ ಹೆಚ್ಚು, ಅದರಲ್ಲಿ ವಿಶೇಷವೇನೂ ಇರಲಿಲ್ಲ. ನನ್ನನ್ನು ಕೊರೆಯತೊಡಗಿದ್ದು ಬೇರೆ. ಅವಳು "ನಿಮಗೇ ರೀ" ಎಂದ ಆ ವೇಗ. ಬಾಯಿ ತೆರೆದದ್ದಕ್ಕೂ ಮುಚ್ಚಿದ್ದಕ್ಕೂ ನಡುವೆ ಇದ್ದ ಆ ಚೂರು ಹೊತ್ತು. ಗಂಟಲಿಗೆ ಬಂದಿದ್ದ ಯಾವ ಮಾತನ್ನು ಅವಳು ನುಂಗಿದಳು?

ಒಂದು ದಿನ ಮಧ್ಯಾಹ್ನ ಜನ ಕಡಿಮೆಯಿದ್ದಾಗ ತಾಯಮ್ಮನ ಪಕ್ಕ ಕಟ್ಟೆಯ ಮೇಲೆ ಕೂತು, ಸುಮ್ಮನೆ ಕೇಳಿದವನಂತೆ ಕೇಳಿದೆ: "ಏಳು ಸಲಾನೂ ಒಂದೇ ಥರ ಕೇಳ್ಸುತ್ತಾ ತಾಯಮ್ಮ?" ಅವಳು ಮೊಲ್ಲೆ ಕಟ್ಟುತ್ತಿದ್ದವಳು ನಕ್ಕಳು. "ಏನ್ ಸ್ವಾಮಿ, ಆಗಿರೋರು ನೀವೇ ಹಿಂಗೆ ಕೇಳ್ತೀರಲ್ಲ. ಕಿವೀಗೆ ಊರೋರ್ಗೆಲ್ಲ ಕೇಳ್ಸುತ್ತೆ. ನಮ್ದಾದ್ರೆ ಹಲ್ಲಿಗಲ್ವಾ ಹಿಡ್ಕೊಳ್ಳೋದು? ಮೊದ್ಲನೇ ಸಲ ನಂಗೆ ಸಂಜೇವರ್ಗೂ ದವಡೆ ಜುಮ್ಮಂತಿತ್ತು. ಎಲೆ ಅಡಿಕೆ ಹಾಕ್ಕೊಳೋಕೂ ಆಗ್ಲಿಲ್ಲ." ನಾನು ಹೌದು ಹೌದು ಎಂದೆ. ನನಗೆ ಕಿವಿಯಲ್ಲಿ ಮಾತ್ರ ಕೇಳಿಸಿತ್ತು.

ಆ ದಿನದಿಂದ ನಾನು ಸುನಂದಾಳನ್ನು ನೋಡುವ ರೀತಿ ಬದಲಾಯಿತು. ಅವಳು ಅಕ್ಕಿ ಆರಿಸುವುದನ್ನು, ಬಟ್ಟೆ ಹಿಂಡುವುದನ್ನು, ಪಕ್ಕದ ಮನೆಯವರ ಜೊತೆ ಕರಿಬೇವಿನ ವಿಷಯ ಮಾತಾಡುವುದನ್ನು ನೋಡುತ್ತಾ, ಇವಳಲ್ಲಿ ಏನಿದೆ ಎಂದು ಹುಡುಕುತ್ತಿದ್ದೆ. ಒಂದು ಪುಸ್ತಕ ಓದಿದವಳಲ್ಲ. ದೊರೆಗಳ ಹೆಸರು ಕೇಳಿದರೆ ಎರಡು ಹೇಳುತ್ತಿರಲಿಲ್ಲ. ಜೀವಮಾನದಲ್ಲಿ ಒಂದೇ ಒಂದು ಸಲ, ಒದ್ದೆ ಕೂದಲಿನಲ್ಲಿ, ಚಿತ್ರಾನ್ನ ಹಿಡಿದುಕೊಂಡು ಬಂದಳು, ನಗಾರಿ ಅವಳಿಗೆ ಮೊಳಗಿತು. ಇಷ್ಟು ಕಾಲ ಲಾರಿ ಡ್ರೈವರನ ಮೇಲೆ, ಮದುವಣಗಿತ್ತಿಯ ಮೇಲೆ ಪಟ್ಟ ಹೊಟ್ಟೆಕಿಚ್ಚು ಸಂಜೆ ಬಸ್ಸು ಹತ್ತಿದ ಮೇಲೆ ಆರುತ್ತಿತ್ತು. ಇದು ನನ್ನದೇ ಮನೆಯಲ್ಲಿ, ನನಗೆ ಮೊಸರನ್ನ ಕಲಸಿಕೊಡುತ್ತಾ ಕೂತಿತ್ತು. ಅವಳು ತೃಪ್ತಿಯಿಂದ ಆಕಳಿಸಿದರೂ ನನಗೆ ಉರಿಯುತ್ತಿತ್ತು.

ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿದ್ದದ್ದು ಆಗಲೇ. ಹೊಸ ಮನೆಗೆ ಬಂದ ಮೇಲೆ ಸುನಂದಾ ದಿನಾ ಮಧ್ಯಾಹ್ನ ಕ್ಯಾರಿಯರ್‌ನಲ್ಲಿ ಊಟ ತರುತ್ತಿದ್ದಳು. ನಾನು ಸಂಪಿಗೆ ಮರದ ಕೆಳಗೆ ಕಾಯುತ್ತಿದ್ದೆ. ಅವಳು ಉದ್ಯಾನದ ಹಿಂಭಾಗದಿಂದ ಬೆವರು ಒರೆಸಿಕೊಳ್ಳುತ್ತಾ ಬರುತ್ತಿದ್ದಳು. ನಮ್ಮ ಮನೆಯ ಬಾಗಿಲಿಗೂ ಹೆಬ್ಬಾಗಿಲಿಗೂ ನಡುವೆ ಇರುವುದು ಒಂದು ರಸ್ತೆಯ ಅಗಲ. ಅವಳು ಬರುತ್ತಿದ್ದದ್ದು ಕೋಟೆಗೋಡೆಯನ್ನು ಪೂರ್ತಿ ಸುತ್ತಿ, ಗೊಬ್ಬರದ ಗುಂಡಿಗಳ ಪಕ್ಕದಲ್ಲಿರುವ ಮಾಲಿಗಳ ಸಣ್ಣ ಬಾಗಿಲಿನಿಂದ. ಬಿಸಿಲಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿ ಕಮಾನಿಲ್ಲ, ನಗಾರಿಯಿಲ್ಲ. ಐದು ತಿಂಗಳು ಆ ಊಟ ಮಾಡಿದ ನಾನು ಅದು ಯಾವ ಬಾಗಿಲಿನಿಂದ ಬರುತ್ತದೆಂದು ಕೇಳಿರಲಿಲ್ಲ.

ಅವತ್ತು ಕ್ಯಾರಿಯರ್‌ನ ಮುಚ್ಚಳ ತೆಗೆಯುತ್ತಿದ್ದವಳಿಗೆ ಹೇಳಿದೆ: "ನಾಳೆ ಮುಂದಿನ ಬಾಗಿಲಿಂದ ಬಾ."

ಅವಳ ಕೈ ನಿಂತಿತು. "ಈ ದಾರೀನೇ ಚೆನ್ನಾಗಿದೆ ರೀ. ಮಾಲಿಗಳು ಒಂದಿಷ್ಟು ಕೊತ್ತಂಬರಿ ಕೊಡ್ತಾರೆ."

"ಕೊತ್ತಂಬರಿಗೋಸ್ಕರ ಕೋಟೆ ಸುತ್ತಿ ಬರ್ತೀಯಾ?"

"ಸುಮ್ನೆ ಮಲಗಿರೋದನ್ನ ಯಾಕೆ ಎಬ್ಬಿಸ್ತೀರಿ?"

"ಅಂದ್ರೆ ಅವತ್ತು ಆಗಿದ್ದು ನಿಂಗೆ ಅಂತೀಯ."

"ನಾನೆಲ್ಲಿ ಅಂದೆ?"

"ಅನ್ನಲಿಲ್ಲ. ಅದೇ."

ಅವಳು ಅನ್ನದ ಡಬ್ಬಿಯನ್ನು ನನ್ನ ಕಡೆ ಸರಿಸಿ, ಕಾಲುವೆಯ ನೀರು ನೋಡುತ್ತಾ ನಿಧಾನವಾಗಿ ಅಂದಳು: "ನಿಮಗೆ ಅದು ಎಷ್ಟು ಬೇಕಿತ್ತು ಅಂತ ನನಗೆ ಗೊತ್ತಿತ್ತು ರೀ. ನಿದ್ದೇಲೂ ಉಸಿರು ಹಿಡ್ಕೊಂಡು ಕಾಲೆತ್ತುತಿದ್ರಿ, ನೋಡಿದೀನಿ. ನಾನು ಅದನ್ನಿಟ್ಕೊಂಡು ಏನು ಮಾಡೋದಿತ್ತು? ನೀವು ಇಟ್ಕೊಳ್ಳಿ ಅಂತ ಸುಮ್ನಾದೆ. ತಪ್ಪಾಯ್ತಾ?"

ಬೇರೆ ಯಾರಾದರೂ ಆಗಿದ್ದರೆ ಆ ಮಾತಿಗೆ ಕರಗಿಹೋಗುತ್ತಿದ್ದರು. ನನಗೆ ಮೈಯೆಲ್ಲ ಉರಿದದ್ದು ಆ ಮಾತಿಗೇ. ಹೆಚ್ಚಾದ ಸಾರನ್ನು ಪಕ್ಕದ ಮನೆಗೆ ಕೊಡುವ ಹಾಗೆ, ನಾನು ಒಂಬತ್ತು ವರ್ಷ ಬೇಡಿದ್ದನ್ನು ಅವಳು ಎತ್ತಿ ಕೊಟ್ಟಿದ್ದಳು. ಅವಳಿಗೆ ಬೇಡವಾಗಿತ್ತಲ್ಲ ಎನ್ನುವುದನ್ನು ನನ್ನಿಂದ ಸಹಿಸಲಾಗಲಿಲ್ಲ. "ಭಾನುವಾರ ಬಾ," ಅಂದೆ. "ಜನ ಇರೋವಾಗ ಬಾ. ನಿಂದಾದ್ರೆ ನಿಂದೇ ಅಂತ ಎಲ್ಲರಿಗೂ ಗೊತ್ತಾಗ್ಲಿ."

"ಮನೆ ಬಿಡಿಸ್ತಾರೆ. ನಿಮ್ಮನ್ನ ಆಡ್ಕೋತಾರೆ."

"ಆಡ್ಕೊಳ್ಳಲಿ. ಬೇರೆಯವರು ಬಿಟ್ಟದ್ದನ್ನ ಹೊದ್ದುಕೊಂಡು ಓಡಾಡೋಕೆ ನನಗಾಗಲ್ಲ."

"ಬೇರೆಯವರಾ?" ಅಂದಳು. ಅಷ್ಟೇ. ಖಾಲಿ ಡಬ್ಬಿಗಳನ್ನು ಜೋಡಿಸಿಕೊಂಡು ಬಂದ ದಾರಿಯಲ್ಲೇ ಹೋದಳು.

ಭಾನುವಾರ ಅವಳು ಹನ್ನೆರಡೂವರೆಗೆ ಸರಿಯಾಗಿ ರಸ್ತೆ ದಾಟಿ ಬಂದಳು. ದಿನಾ ಉಡುವ ಹತ್ತಿಯ ಸೀರೆ, ಕೈಯಲ್ಲಿ ಕ್ಯಾರಿಯರ್. ನಾನು ಒಳಗಡೆ, ಹೊಸ್ತಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಇಪ್ಪತ್ತು ಜನರ ಒಂದು ಗುಂಪಿನ ಜೊತೆ ನಿಂತಿದ್ದೆ. ಅವರಿಗೆ ಕಮಾನಿನ ಕೆತ್ತನೆಯ ವಿಷಯ ಹೇಳುತ್ತಿದ್ದವನು ಮಾತು ನಿಲ್ಲಿಸಿದೆ. ಈರಯ್ಯನಿಗೆ ಏನೋ ವಾಸನೆ ಬಡಿದಿರಬೇಕು, ಅವನು ಬಾಗಿಲಿಗೆ ಒರಗಿದ್ದವನು ನೆಟ್ಟಗಾದ. "ಇದೇನಮ್ಮಾ, ಇವತ್ತು ರಾಜಮಾರ್ಗ ಹಿಡಿದುಬಿಟ್ರಿ!" ಅಂದ. ತಾಯಮ್ಮ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ತಲೆಯೆತ್ತಿದಳು. ಸುನಂದಾ ಹೊಸ್ತಿಲ ಹೊರಗೆ ನಿಂತು ನನ್ನನ್ನು ನೋಡಿದಳು. ಈಗಲೂ ಬೇಡ ಎಂದು ಒಂದು ಕೈಸನ್ನೆ ಮಾಡಿದರೆ ಸಾಕಾಗಿತ್ತು, ತಿರುಗಿ ಹೋಗುತ್ತಿದ್ದಳು. ನಾನು ಕೈ ಎತ್ತಲಿಲ್ಲ.

ಅವಳು ನೆರಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದಳು. ಬಲಗಾಲನ್ನು ಹೊಸ್ತಿಲ ಮೇಲಿನಿಂದ ದಾಟಿಸಿ ಒಳಗಿನ ಕಲ್ಲಿನ ಮೇಲಿಟ್ಟಳು. ಎಡಗಾಲನ್ನೂ ತಂದು ಪಕ್ಕದಲ್ಲಿಟ್ಟಳು.

ಏನೂ ಆಗಲಿಲ್ಲ. ಕ್ಯಾರಿಯರ್‌ನ ಡಬ್ಬಿಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿ ನಿಂತವು. ಮೇಲೆ ಒಂದು ಗುಬ್ಬಿ ಹುಲ್ಲುಕಡ್ಡಿಯೊಂದನ್ನು ಹರಿದ ಚರ್ಮದೊಳಗೆ ಎಳೆದುಕೊಳ್ಳುತ್ತಿತ್ತು. ನಾನು ನನ್ನ ಜೀವಮಾನದಲ್ಲಿ ಎಷ್ಟೋ ಬಗೆಯ ಮೌನಗಳನ್ನು ಬೇಕೆಂದು ಹುಡುಕಿಕೊಂಡು ಹೋಗಿದ್ದೇನೆ. ಅಷ್ಟು ಸಿಹಿಯಾದದ್ದನ್ನು ಕೇಳಿರಲಿಲ್ಲ. ಒಂದು ಸಲ ಆದವರಿಗೆ ಮತ್ತೆ ಆಗಲೇಬೇಕೆಂದಿಲ್ಲ, ಇದರಿಂದ ಏನೂ ತೀರ್ಮಾನವಾಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಅವಳ ದವಡೆಯನ್ನೂ ನಾನು ಮರೆತಿರಲಿಲ್ಲ. ಎಲ್ಲ ಗೊತ್ತಿದ್ದೂ ನನ್ನ ಎದೆಯಲ್ಲಿ ಏನೋ ಎದ್ದು ಕುಣಿಯಿತು.

ಸುನಂದಾ ನಗಾರಿಯ ಕಡೆ ಮುಖವೆತ್ತಿದ್ದಳು. ಬೇಡ ಬೇಡ ಎಂದು ಐದು ತಿಂಗಳು ಕೋಟೆ ಸುತ್ತಿದ್ದವಳು, ಆಗ ಆ ಕ್ಷಣದಲ್ಲಿ, ಕಿವಿಗೊಟ್ಟು ಕಾಯುತ್ತಿದ್ದಳು. ಅದು ತನ್ನದೇ ಎಂದು ಅವಳೂ ಒಳಗೊಳಗೇ ಇಟ್ಟುಕೊಂಡಿದ್ದಳು. ಕೊಟ್ಟ ಮೇಲೂ ಕೊಟ್ಟದ್ದು ತನ್ನದು ಎನ್ನುವಷ್ಟನ್ನು ಉಳಿಸಿಕೊಂಡಿದ್ದಳು. ಅದು ಅವಳ ಮುಖದಿಂದ ಇಳಿದುಹೋಗುವುದನ್ನು ನಾನು ನೋಡಿದೆ. ಆಮೇಲೆ ಅವಳು ಕಣ್ಣು ಕೆಳಗಿಳಿಸಿ ನನ್ನ ಕಡೆ ತಿರುಗಿದಳು. ನನ್ನ ಮುಖವನ್ನು ಬೇರೆ ಮಾಡಿಕೊಳ್ಳಲು ನನಗೆ ವೇಳೆ ಸಿಗಲಿಲ್ಲ. ನಾನು ನಗುತ್ತಿದ್ದೆ. ಹಲ್ಲು ಕಾಣುವ ಹಾಗೆ ನಗುತ್ತಿದ್ದೆ.

"ಅಷ್ಟು ಖುಷಿ ಆಯ್ತೇನ್ರೀ?" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಹೊಟ್ಟೆ ತುಂಬಿತಾ ಎಂದು ದಿನಾ ಕೇಳುತ್ತಿದ್ದಳಲ್ಲ, ಹಾಗೆಯೇ ಕೇಳಿದಳು. ಕ್ಯಾರಿಯರನ್ನು ನನ್ನ ಕಾಲ ಬಳಿ ಇಟ್ಟು, ಬಂದ ಬಾಗಿಲಿನಿಂದಲೇ ಹೊರಗೆ ಹೋಗಿ ರಸ್ತೆ ದಾಟಿದಳು. ಈರಯ್ಯ ನನ್ನ ಬೆನ್ನು ತಟ್ಟಿದ. "ನಂಗೊತ್ತಿತ್ತು ಬಿಡಿ ಮೇಷ್ಟ್ರೇ, ಅವತ್ತಿಂದು ನಿಮ್ದೇ," ಅಂದ. ಇಪ್ಪತ್ತು ಜನರ ಗುಂಪು ನಾನು ಮುಂದೆ ಹೇಳುವುದಕ್ಕೆ ಕಾಯುತ್ತಿತ್ತು. ನಾನು ಕೆತ್ತನೆಯ ವಿಷಯವನ್ನು ಎಲ್ಲಿ ಬಿಟ್ಟಿದ್ದೆನೋ ನೆನಪಾಗದೆ ಮೊದಲಿನಿಂದ ಶುರುಮಾಡಿದೆ.

ಅದಾಗಿ ಮೂರು ವರ್ಷವಾಯಿತು. ಹೆಸರು ನನ್ನದೇ, ಮನೆಯೂ ಉಳಿದಿದೆ. ಸುನಂದಾ ಹಿಂದಿನ ದಾರಿಯನ್ನು ಬಿಟ್ಟಿದ್ದಾಳೆ, ಈಗ ಅದರ ಅಗತ್ಯವಿಲ್ಲವಲ್ಲ. ದಿನಾ ಹನ್ನೆರಡೂವರೆಗೆ ರಸ್ತೆ ದಾಟಿ ಹೆಬ್ಬಾಗಿಲಿನಿಂದಲೇ ಊಟ ತರುತ್ತಾಳೆ. ನಾನು ಎಲ್ಲಿದ್ದರೂ ಆ ಹೊತ್ತಿಗೆ ಬಾಗಿಲ ಬಳಿ ಬಂದು ನಿಲ್ಲುತ್ತೇನೆ. ಅವಳು ನೆರಿಗೆ ಹಿಡಿದು ಕಾಲೆತ್ತುತ್ತಾಳೆ, ನಾನು ಉಸಿರು ಹಿಡಿಯುತ್ತೇನೆ. ಅವಳು ನಗಾರಿಯ ಕಡೆ ನೋಡುವುದಿಲ್ಲ. ದಾಟುವಷ್ಟು ಹೊತ್ತೂ ನನ್ನ ಮುಖವನ್ನೇ ನೋಡುತ್ತಿರುತ್ತಾಳೆ.